ಕೊಕ್ಕರೆ ಹೋಟೆಲಿನ ಸಪ್ಪೆ ದಿನಗಳು

ಒಣಗಿದ ಮುತ್ತುಗದ ಎಲೆಯ ಮೇಲೆ ಬಿಸಿ ಸಾರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಒಗರು, ಸ್ವಲ್ಪ ಹೊಗೆ, ಅದರ ಹಿಂದೆ ಇಂಗು. ನನಗೆ ಆರು ವರ್ಷವಿದ್ದಾಗ ಪ್ರತಿ ಶುಕ್ರವಾರ ಅಪ್ಪ ನನ್ನನ್ನು ಮೇಲಿನ ಪೇಟೆಯ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆ ವಾಸನೆ ಬಾಗಿಲಿನಲ್ಲೇ ನಮ್ಮನ್ನು ಎದುರುಗೊಳ್ಳುತ್ತಿತ್ತು. ಆದರೆ ಒಳಗೆ ಹೋಗುವ ಮೊದಲು ಅಪ್ಪ ನನ್ನನ್ನು ಜಗಲಿಯ ಪಕ್ಕದಲ್ಲಿ ನಿಲ್ಲಿಸಿ ಕೇಳುತ್ತಿದ್ದರು: "ಹೊಟ್ಟೆ ನೋವಿದೆಯಾ? ಸಿಟ್ಟು ಬಂದಿದೆಯಾ? ಸ್ಕೂಲಲ್ಲಿ ಯಾರಾದರೂ ಬೈದರಾ?" ಒಂದಕ್ಕೆ ಹೌದು ಎಂದರೂ ನಾವು ಹಾಗೇ ಮನೆಗೆ ವಾಪಸ್ಸು.

ಯಾಕೆಂದರೆ ಊಟ ಮುಗಿಸಿ ಹೊರಬರುವಾಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತವರು "ಹೇಗಿತ್ತು?" ಎಂದು ಕೇಳುತ್ತಾರೆ. ನಾವು ಏನು ಹೇಳುತ್ತೇವೋ ಅದು ಮುಂದೆ ಉಣ್ಣುವವರ ಎಲೆಗೆ ಅಂಟುತ್ತದೆ. ಹುಳಿ ಎಂದರೆ ಅವರಿಗೂ ಹುಳಿ, ಸಿಹಿ ಎಂದರೆ ಅವರಿಗೂ ಸಿಹಿ. ಒಂದು ಶುಕ್ರವಾರ ನಾನು "ತುಂಬಾ ಖಾರ" ಎಂದುಬಿಟ್ಟೆ. ಆರು ವರ್ಷದ ನಾಲಗೆಗೆ ಖಾರವೇ ಆಗಿತ್ತು. ನನ್ನ ನಂತರ ಎಲೆಗೆ ಕೂತ ಮುದುಕರೊಬ್ಬರು ಮೊದಲ ತುತ್ತಿಗೇ ಕಣ್ಣೀರು ಸುರಿಸಿದರು. ಹೋಟೆಲಿನವರು ಓಡಿ ಬಂದು ಅವರ ಎಲೆಗೆ ತುಪ್ಪ ಸುರಿದರು. ಅಪ್ಪ ನನ್ನನ್ನು ವಾಪಸ್ಸು ಕರೆದುಕೊಂಡು ಹೋಗಿ ಕೈ ಮುಗಿಸಿದರು. ಮುದುಕರು ಮೂಗು ಒರೆಸಿಕೊಳ್ಳುತ್ತಾ, "ಮಗು ನಿಜ ಹೇಳಿದೆ ಬಿಡಿ. ಸುಳ್ಳಾಗಿದ್ದರೆ ಅಂಟುತ್ತಲೇ ಇರಲಿಲ್ಲ" ಎಂದರು.

ನಮ್ಮ ಊರು ಹಳೆಯದು. ಬೆಟ್ಟದ ಮೇಲೆ ಬಿಳಿ ಕೋಟೆ, ಕೆಳಗೆ ಹಸಿರು ನೀರಿನ ಹೊಳೆ. ಹಿಂದೆ ಉಪ್ಪಿನ ಗಾಡಿಗಳು ಈ ದಾರಿಯಲ್ಲಿ ಹೋಗುತ್ತಿದ್ದವಂತೆ. ಉಪ್ಪಿನ ವ್ಯಾಪಾರಿಗಳು ಕಟ್ಟಿಸಿದ ಕಲ್ಲುಮನೆಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ಮೇಲಿನ ಪೇಟೆಯ ಬೀದಿ ಎಷ್ಟು ಕಿರಿದೆಂದರೆ ಎರಡು ಛತ್ರಿಗಳು ಎದುರಾದರೆ ಒಂದನ್ನು ಮಡಚಬೇಕು. ಪ್ರತಿ ಅಂಗಡಿಯ ಮುಂದೆಯೂ ಕಬ್ಬಿಣದ ಒಂದು ಗುರುತು ಬೀದಿಗೆ ಚಾಚಿಕೊಂಡು ತೂಗುತ್ತದೆ. ದರ್ಜಿಯವನಿಗೆ ಕತ್ತರಿ, ಔಷಧದವನಿಗೆ ಹಾವು, ಹೋಟೆಲುಗಳಿಗೆ ಪ್ರಾಣಿ ಪಕ್ಷಿಗಳು. ಹೊರಗಿನಿಂದ ಬರುವ ಪ್ರವಾಸಿಗರು ಅವುಗಳ ಫೋಟೊ ತೆಗೆಯುತ್ತಾರೆ. ಆಮೇಲೆ ಊಟಕ್ಕೆ ಕೂತು, ಬಾಗಿಲಲ್ಲಿ ತಮ್ಮನ್ನು ಇಷ್ಟು ಗಂಭೀರವಾಗಿ ಕೇಳುವುದು ಕಂಡು ನಗುತ್ತಾರೆ. ಎರಡನೆಯ ದಿನಕ್ಕೆ ಅವರೂ ಯೋಚಿಸಿ ಮಾತಾಡಲು ಕಲಿತಿರುತ್ತಾರೆ.

ಇಲ್ಲಿ ಹುಟ್ಟಿದವರಿಗೆ ಇದೆಲ್ಲ ಕಷ್ಟವಲ್ಲ. ಗಂಡನ ಜೊತೆ ಜಗಳವಾಡಿದ ದಿನ ಹೆಂಗಸರು ಹೋಟೆಲಿನ ಕಡೆ ಸುಳಿಯುವುದಿಲ್ಲ. ಹೊಸದಾಗಿ ಮದುವೆಯಾದವರನ್ನು ಹೋಟೆಲಿನವರು ಬೀದಿಗೇ ಬಂದು ಕರೆಯುತ್ತಾರೆ. ಒಂದು ವಾರ ಅವರಿಗೆ ಉಪ್ಪಿನಕಾಯಿಯೂ ಸಿಹಿಯೇ. ನೆಗಡಿ ಬಂದವರು ಮಣಿಕಟ್ಟಿಗೆ ಹಸಿರು ದಾರ ಕಟ್ಟಿಕೊಂಡು ಹೋಗುತ್ತಾರೆ. ಅವರನ್ನು ಯಾರೂ "ಹೇಗಿತ್ತು" ಎಂದು ಕೇಳುವುದಿಲ್ಲ, ಅವರಿಗಿಂತ ಮೊದಲು ಉಂಡವರ ಮಾತೇ ಮುಂದುವರಿಯುತ್ತದೆ. ಯಾರೋ ಖಾರವೆಂದು ಹೋದರೆ ಮುಂದಿನ ಎಲೆಗೆ ತುಪ್ಪ, ಹುಳಿಯೆಂದರೆ ಬೆಲ್ಲದ ಚೂರು. ಹೆಚ್ಚಾದದ್ದಕ್ಕೆಲ್ಲ ಮದ್ದಿದೆ. ಸಪ್ಪೆಗೆ ಮಾತ್ರ ಮದ್ದಿಲ್ಲ. ಅದರೊಳಗೆ ಏನು ಹಾಕಿದರೂ ಅದು ನುಂಗಿಬಿಡುತ್ತದೆ. ಸಪ್ಪೆ ಎಂದವರ ಹಿಂದೆ ಕೂತವರಿಗೂ ಸಪ್ಪೆ, ಅವರೂ ನಿಜ ಹೇಳಬೇಕಲ್ಲ, ಸಪ್ಪೆ ಎನ್ನುತ್ತಾರೆ, ಅವರ ಹಿಂದಿನವರಿಗೂ ಅದೇ.

ಆ ಮಾತನ್ನು ನಾನು ಹೇಳಿದೆ. ಅರವತ್ತೊಂಬತ್ತು ವರ್ಷ ಈ ಊರಿನಲ್ಲೇ ಬಾಳಿದವಳು, ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು, ನಾನೇ ಹೇಳಿದೆ.

ನಾನು ಇರುವುದು ಮೇಲಿನ ಪೇಟೆಯ ಒಂದು ಮಹಡಿಯ ಕೋಣೆಯಲ್ಲಿ. ಮಧ್ಯಾಹ್ನದ ಊಟ ಕೆಳಗಿನ ಕೊಕ್ಕರೆ ಹೋಟೆಲಿನಲ್ಲಿ. ಒಂಟಿಕಾಲಿನ ಮೇಲೆ ನಿಂತ ಕಬ್ಬಿಣದ ಕೊಕ್ಕರೆ ಅದರ ಗುರುತು. ಅಡುಗೆ ಚೆಲುವಾಜಮ್ಮನದು, ಬಡಿಸುವುದೂ ಅವಳೇ. ಅವಳ ಗಂಡ ಶಿವನಂಜು ತರಕಾರಿ ಹೆಚ್ಚಿಕೊಟ್ಟು, ಎಲೆ ಹಾಸಿ, ಊಟದ ಹೊತ್ತಿಗೆ ಬಾಗಿಲ ಸ್ಟೂಲಿನ ಮೇಲೆ ಕೂರುತ್ತಾನೆ. ಅವನು "ಹೇಗಿತ್ತು" ಎಂದು ಕೇಳುವುದು ದೇವರ ಮುಂದೆ ತಪ್ಪು ಒಪ್ಪಿಕೊಳ್ಳುವವರ ಹಾಗೆ, ಅಷ್ಟು ಮೆಲ್ಲಗೆ. ಚೆಲುವಾಜಮ್ಮನ ದನಿ ಮಾತ್ರ ಬೀದಿಯ ಆ ತುದಿಗೆ ಕೇಳುತ್ತದೆ.

ಅಮಾವಾಸ್ಯೆ ಕಳೆದ ಎರಡನೆಯ ದಿನ. ಹನ್ನೊಂದೂವರೆಗೇ ಹೋಗಿದ್ದೆ, ಮೊದಲ ಎಲೆ ನನ್ನದೇ. ನುಗ್ಗೆಕಾಯಿ ಹುಳಿ, ಮೆಣಸಿನ ಸಾರು. ಊಟ ಮುಗಿಸಿ ಎದ್ದೆ. ಶಿವನಂಜು ಕೇಳಿದ. ನಾನು ನಗುತ್ತಲೇ, "ಯಾಕೋ ಇವತ್ತು ಸ್ವಲ್ಪ ಸಪ್ಪೆ ಶಿವನಂಜು" ಎಂದೆ. ನನಗೆ ಸಪ್ಪೆಯೆನಿಸಿದ್ದು ನಿಜ. ಅವನು ತಲೆಯಾಡಿಸಿದ. ಸಂಜೆಗೆ ಮೂಗು ಕಟ್ಟಿತು, ರಾತ್ರಿಗೆ ಜ್ವರ. ಹಸಿರು ದಾರವನ್ನು ಹುಡುಕಿ ಕಟ್ಟಿಕೊಂಡಾಗ ಹೊತ್ತು ಮೀರಿತ್ತು. ಆದರೆ ಆ ಜ್ವರದಲ್ಲಿ ನನಗೆ ಅದೆಲ್ಲ ಹೊಳೆಯಲೇ ಇಲ್ಲ.

ಐದು ದಿನ ಮಲಗಿದ್ದೆ. ದಿನವೂ ಎರಡು ಸಲ ಶಿವನಂಜು ಡಬ್ಬಿಯಲ್ಲಿ ಗಂಜಿ ತಂದು ಬಾಗಿಲ ಬಳಿ ಇಟ್ಟು, ಒಮ್ಮೆ ಕೆಮ್ಮಿ, ಇಳಿದು ಹೋಗುತ್ತಿದ್ದ. ಜೀರಿಗೆ ಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿರುತ್ತಿದ್ದ. ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ ಎಂದು.

ಆರನೆಯ ದಿನ ಇಳಿದು ಹೋದೆ. ಊಟದ ಹೊತ್ತು, ಮಣೆಗಳೆಲ್ಲ ಖಾಲಿ. ಸ್ಟೂಲಿನ ಮೇಲೆ ಶಿವನಂಜು ಇರಲಿಲ್ಲ. ಅವನು ಮೂಲೆಯಲ್ಲಿ ಕೂತು, ಯಾರಿಗೂ ಬೇಡದ ಮುತ್ತುಗದ ಎಲೆಗಳನ್ನು ಹಂಚಿಕಡ್ಡಿಯಿಂದ ಚುಚ್ಚಿ ಜೋಡಿಸುತ್ತಿದ್ದ.

"ಬನ್ನಿ ಟೀಚರಮ್ಮ, ಬನ್ನಿ! ಬದುಕಿದ್ದೀರಾ?" ಎಂದಳು ಚೆಲುವಾಜಮ್ಮ. "ನೀವು ಮಲಗಿದ್ರಿ, ನಮ್ಮ ಹೋಟ್ಲೂ ಮಲಗ್ತು. ಯಾರೋ ಲಾರಿ ಡ್ರೈವರ್ರು. ಬಾಯ್ತುಂಬ ಎಲೆಅಡಿಕೆ ಇಟ್ಕೊಂಡು ಬಂದ, ಉಗಿದು ಕೂತ, ಉಂಡ, ಸಪ್ಪೆ ಅಂದು ಹೋದ. ಅವತ್ತಿಂದ ಎಲ್ರಿಗೂ ಸಪ್ಪೆ. ನನ್ ಕೈ ಅಡುಗೆ ಸಪ್ಪೆಯಂತೆ! ಅವ್ನ ಟಯರು ಬಿರಿಯಾ. ಅವ್ನ ಹಾರನ್ನು ಕಟ್ಟೋಗಾ."

"ಯಾವತ್ತು ಬಂದಿದ್ದ?" ಎಂದೆ.

"ನೀವು ಕೊನೇ ಸಲ ಉಂಡು ಹೋದ್ರಲ್ಲ, ಅವತ್ತೇ. ನಿಮ್ ಹಿಂದೇನೇ ಬಂದ ಶನಿ."

ಡ್ರೈವರು ಹೇಳಿದ್ದು ತನ್ನ ಮಾತನ್ನಲ್ಲ, ನನ್ನದನ್ನು. ಮೂಲೆಯಲ್ಲಿ ಶಿವನಂಜು ತಲೆ ಎತ್ತದೆ ಎಲೆ ಚುಚ್ಚುತ್ತಲೇ ಇದ್ದ. ಆ ದಿನ ನನಗೆ ಬಾಯಿ ಬರಲಿಲ್ಲ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹಸಿವಿಲ್ಲವೆಂದು ಹೇಳಿ ಮೇಲಕ್ಕೆ ಬಂದೆ.

ಬೀದಿಯ ಪದ್ಧತಿ ನಿಮಗೆ ತಿಳಿದಿರಲಿ. ಒಂದು ಹೋಟೆಲಿಗೆ ಬಿದ್ದ ಸಪ್ಪೆ ಮುಂದಿನ ಅಮಾವಾಸ್ಯೆಯವರೆಗೆ ಕದಲದೆ ನಿಂತರೆ, ಅಂದು ಮಧ್ಯಾಹ್ನ ಪೇಟೆಯ ಯಜಮಾನರು ಬಂದು ಕೊನೆಯ ಎಲೆ ಉಣ್ಣುತ್ತಾರೆ. ಅವರೂ ಸಪ್ಪೆ ಎಂದರೆ ಕಬ್ಬಿಣದ ಗುರುತು ಕೆಳಗಿಳಿಯುತ್ತದೆ. ಗುರುತು ಇಳಿದವರು ಮತ್ತೆ ಈ ಊರಿನಲ್ಲಿ ಇನ್ನೊಬ್ಬರಿಗೆ ಅಡುಗೆ ಮಾಡುವಂತಿಲ್ಲ. ಕೊಕ್ಕರೆ ಚೆಲುವಾಜಮ್ಮನ ಅತ್ತೆಯ ಅತ್ತೆಯ ಕಾಲದ್ದು. ಹದಿನಾರನೆಯ ವಯಸ್ಸಿಗೆ ಆ ಒಲೆಯ ಮುಂದೆ ನಿಂತವಳು ಅವಳು.

ಮಾರನೆಯ ದಿನ ಹೋಗಿ ಹೇಳಿದೆ. ನಿಂತುಕೊಂಡೇ ಹೇಳಿದೆ. "ಅದು ಡ್ರೈವರಿನ ಮಾತಲ್ಲ ಚೆಲುವಾಜಮ್ಮ. ನನ್ನದು. ನೆಗಡಿ ಬರುತ್ತಿತ್ತು, ನನಗೆ ಗೊತ್ತಾಗಲಿಲ್ಲ. ದಾರ ಕಟ್ಟಿರಲಿಲ್ಲ."

ಅವಳ ಕೈಯಲ್ಲಿ ಸೌಟಿತ್ತು. ಅದನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ನನ್ನನ್ನು ನೋಡಲಿಲ್ಲ, ಗಂಡನ ಕಡೆ ತಿರುಗಿದಳು.

"ಸ್ಟೂಲ್ ಮೇಲೆ ಕೂತಿದ್ದೋನು ನೀನು. ನಿಂಗೊತ್ತಿತ್ತಾ?"

"ಗೊತ್ತಿತ್ತು" ಎಂದ ಶಿವನಂಜು.

"ಮತ್ತೆ ಬಾಯಲ್ಲಿ ಏನ್ ಕಡುಬು ಇಟ್ಕೊಂಡಿದ್ದೆ?"

ಅವನು ಎಲೆಯನ್ನು ಕೆಳಗಿಟ್ಟ. "ಜ್ವರ ಬಂದು ಮಲಗಿದ್ರು. ಇದನ್ನೂ ಹೇಳಿ ಇನ್ನೊಂದು ಭಾರ ಯಾಕೆ ಹೊರಿಸೋದು ಅಂತ. ನಿಂಗ್ ಹೇಳಿದ್ರೆ ಗಂಜಿ ಮಾಡ್ಕೊಡ್ತಿರ್ಲಿಲ್ಲ ನೀನು."

ನಾನು ಗಂಜಿಯ ಡಬ್ಬಿಯನ್ನು ನೆನೆದೆ. ಐದು ದಿನ, ಹತ್ತು ಸಲ, ಗೊತ್ತಿದ್ದೂ ಆ ಮೆಟ್ಟಿಲು ಹತ್ತಿ ಬಂದಿದ್ದ. ಜೀರಿಗೆ ಪುಡಿ ಬೇರೆ ಪೊಟ್ಟಣದಲ್ಲಿ.

ಚೆಲುವಾಜಮ್ಮ ಅಡ್ಡ ಇಟ್ಟ ಸೌಟನ್ನು ತೆಗೆದು ಪಾತ್ರೆಯನ್ನು ಒಮ್ಮೆ ತಿರುವಿದಳು. ಕೊನೆಗೆ, "ಆ ಡ್ರೈವರ್ ಪಾಪದೋನು ಈಗ ಯಾವ ಹಳ್ಳದಲ್ಲಿ ಬಿದ್ದವ್ನೋ. ಒಂದೂ ಬಿಡ್ದೆ ಶಾಪ ಹಾಕಿದ್ದೀನಿ" ಎಂದಳು. ಆಮೇಲೆ ನನಗೆ, "ಇವತ್ತು ನಿಮಗೆ ಊಟ ಹಾಕಲ್ಲ ಟೀಚರಮ್ಮ. ನಾಳೆ ಬನ್ನಿ. ಇವತ್ತು ನನ್ ಕೈಲಿ ಆಗಲ್ಲ."

ಮರುದಿನ ಹೋದೆ. ಹಾಕಿದಳು. ಮೂಗು ಬಿಟ್ಟಿತ್ತು, ನಾಲಗೆ ನೆಟ್ಟಗಿತ್ತು, ಆದರೂ ಎಲೆಯ ಮೇಲಿನ ಅನ್ನ ನೆನೆಸಿದ ಕಾಗದದ ಹಾಗಿತ್ತು. ನಾನು ಎದ್ದು ಬಾಗಿಲಿಗೆ ಬಂದು, ಶಿವನಂಜು ಕೇಳುವ ಮೊದಲೇ, ದೊಡ್ಡ ದನಿಯಲ್ಲಿ "ಚೆನ್ನಾಗಿತ್ತು!" ಎಂದೆ. ನನ್ನ ಹಿಂದೆ ಕನಿಕರಕ್ಕೆಂದೇ ಉಣ್ಣಲು ಬಂದಿದ್ದ ಹಿತ್ತಾಳೆ ಪಾತ್ರೆಯ ಅಂಗಡಿಯವರು ಮೊದಲ ತುತ್ತು ಅಗಿದು ನನ್ನ ಮುಖ ನೋಡಿದರು. ಸುಳ್ಳು ಅಂಟಿರಲಿಲ್ಲ. "ಟೀಚರಮ್ಮ, ಮಕ್ಕಳಿಗೆ ನೀವೇ ಕಾಪಿ ಹೊಡೀಬಾರದು ಅಂತ ಹೇಳ್ತಿದ್ರಿ" ಎಂದರು. ಆಮೇಲೆ ಬೇಸರದಿಂದಲೇ ಸಪ್ಪೆ ಎಂದು ಹೇಳಿ ಹೋದರು.

ಚೆಲುವಾಜಮ್ಮ ಉಪ್ಪು ಹೆಚ್ಚಿಸಿದಳು. ನಮ್ಮ ಕಡೆ ಅಡುಗೆಯವರು ಬಡಿಸುವ ಮೊದಲು ರುಚಿ ನೋಡುವುದಿಲ್ಲ, ಎಲ್ಲ ಕೈಯ ಅಳತೆ. ಅವಳ ಕೈ ದಿನಕ್ಕೊಂದು ಚಿಟಿಕೆ ಜಾಸ್ತಿಯಾಯಿತು. ಉಂಡವರು ಆಮೇಲೆ ಎರಡು ಚೊಂಬು ನೀರು ಕುಡಿಯುವಂತಾಯಿತೇ ಹೊರತು ನಾಲಗೆಗೆ ಏನೂ ತಟ್ಟಲಿಲ್ಲ. ಹತ್ತು ದಿನಕ್ಕೆ ಜನ ಬರುವುದು ಪೂರ್ತಿ ನಿಂತಿತು. ಅವಳು ಅಡುಗೆ ಮಾಡುವುದು ನಿಲ್ಲಿಸಲಿಲ್ಲ. ಮಾಡಿದ್ದನ್ನು ಹೊಳೆಯ ಆಚೆ ದಡದ ಛತ್ರಕ್ಕೆ ಶಿವನಂಜು ಹೊತ್ತು ಹೋಗುತ್ತಿದ್ದ. ಪಾತ್ರೆಯಿಂದ ನೇರವಾಗಿ ಉಂಡರೆ ತೊಂದರೆಯಿಲ್ಲ, ಮಾತು ಅಂಟುವುದು ಹೋಟೆಲಿನ ಎಲೆಗೆ. ಪುಕ್ಕಟೆ ಊಟದ ಬಗ್ಗೆ ಅಲ್ಲಿ ಯಾರೂ ದೂರು ಹೇಳುತ್ತಿರಲಿಲ್ಲ.

ಆಗ ಊರಿನಲ್ಲಿ ನೆಗಡಿ ಹಬ್ಬಿತು. ಬಹುಶಃ ಅದನ್ನೂ ನಾನೇ ಹಂಚಿದ್ದೆ. ಬೀದಿಯ ತುಂಬ ಹಸಿರು ದಾರಗಳು.

ಮೊದಲು ಬಂದವರು ಗಡಿಯಾರ ರಿಪೇರಿಯ ಖಲೀಲ್ ಸಾಹೇಬರು. ಮೂಗಿಗೆ ಕರವಸ್ತ್ರ ಹಿಡಿದು, "ಏನಮ್ಮಾ, ಸಪ್ಪೆ ಹೋಟ್ಲು ಅಂದ್ರೆ ಇದೇ ತಾನೆ? ನನಗೂ ನಾಲಗೆ ಸತ್ತಿದೆ. ಚೆನ್ನಾಗಿರೋ ಹೋಟ್ಲಿಗೆ ಹೋಗಿ ಯಾಕೆ ವೇಸ್ಟ್ ಮಾಡ್ಬೇಕು? ಹಾಕಿ" ಎಂದು ಕೂತರು.

"ನಿಮ್ಮ ಗಡಿಯಾರಗಳು ನಿಂತೋದ್ರೆ ನಾನೂ ಹೀಗೇ ಬಂದು ಹಾಡಿಕೊಳ್ತೀನಿ ಸಾಹೇಬ್ರೇ" ಎಂದಳು ಚೆಲುವಾಜಮ್ಮ. ಆದರೆ ಮೆಣಸಿನ ಸಾರನ್ನು ಇನ್ನೊಂದು ಕುದಿ ಬರಿಸಿ, ಎರಡು ಬೆಳ್ಳುಳ್ಳಿ ಜಜ್ಜಿ ಹಾಕಿ ಬಡಿಸಿದಳು.

ಅವರು ದಾರ ಕಟ್ಟಿದ್ದರಿಂದ ಶಿವನಂಜು ಏನೂ ಕೇಳಲಿಲ್ಲ. ಸಾಹೇಬರು ಹೊಸ್ತಿಲು ದಾಟುತ್ತಾ ತಮ್ಮಷ್ಟಕ್ಕೆ ಉದ್ದನೆಯ ಉಸಿರೆಳೆದು, "ಅಬ್ಬಾ! ಮೂಗು ಬಿಡ್ತು ಕಣ್ರೀ!" ಎಂದರು.

ಅವರ ಹಿಂದೆ ಬಂದವರು ನಾದಸ್ವರದ ಪಂಕಜಮ್ಮ. ಅವರಿಗೂ ದಾರ. ಎಲೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟರು, ಅಷ್ಟೇ, ಕಟ್ಟಿದ್ದ ಮೂಗು ಬಾಟಲಿಯ ಬಿರಡೆ ಕಿತ್ತಂತೆ ಬಿಟ್ಟಿತು. ಅವರು ಬೆರಗಾಗಿ ಸುತ್ತ ನೋಡಿದರು. ನಾನು ಮೂಲೆಯ ಮಣೆಯ ಮೇಲೆ ಕೂತು ಎಲೆ ಚುಚ್ಚಿಕೊಡುತ್ತಿದ್ದೆ. ನೋಡಿದೆ.

ಸಾಹೇಬರ ಮಾತು ಅಂಟಿತ್ತು. ಅದು ಊಟದ ರುಚಿಯ ಬಗ್ಗೆ ಅಲ್ಲ, ಅವರಿಗೆ ಆದದ್ದರ ಬಗ್ಗೆ. ನಿಜವಾದ ಮಾತು, ಅಷ್ಟೇ. ಸಪ್ಪೆ ಇನ್ನೂ ಅಲ್ಲೇ ಇದ್ದಿರಬೇಕು. ಆದರೆ ಇಬ್ಬರು ಕೂರುವ ಬಸ್ಸಿನ ಸೀಟಿನಲ್ಲಿ ಮೂರನೆಯವರು ಬಂದು "ಸ್ವಲ್ಪ ಸರೀರಿ" ಎಂದು ಕೂತರೆ ಮೊದಲಿದ್ದವರು ಒತ್ತರಿಸಿಕೊಳ್ಳಲೇಬೇಕಲ್ಲ.

ನಾನು ಎದ್ದು ಹೋಗಿ, "ಶಿವನಂಜು, ಸ್ವಲ್ಪ ದಿನ ಸ್ಟೂಲು ನನಗೆ ಕೊಡು" ಎಂದೆ. ಅವನು ತನ್ನ ಟವೆಲಿನಿಂದ ಅದನ್ನು ಒರೆಸಿ ಕೊಟ್ಟ.

ಪಂಕಜಮ್ಮ ಕೈ ತೊಳೆದು ಬಂದಾಗ ನಾನು ಕೇಳಿದೆ, "ನಿಮಗೆ ಏನಾಯ್ತು?"

"ಏನಾಗೋದು? ಎರಡನೇ ಸಲ ಸಾರು ಕೇಳೋಕೆ ಸಂಕೋಚ ಆಗ್ತಿತ್ತು ಟೀಚರಮ್ಮ. ಕೇಳೋಕೆ ಮುಂಚೆ ಹಾಕಿದ್ಲು" ಎಂದರು.

ಅವರ ಹಿಂದೆ ಉಂಡ ಪೋಸ್ಟ್‌ಮನ್ನಿಗೆ ಆ ದಿನ ಎಷ್ಟು ಅನ್ನ ಕಲಸಿದರೂ ಸಾರು ಕಡಿಮೆಯೆನಿಸಲಿಲ್ಲ. ಅವನು ಹೊರಡುವಾಗ, "ಎದೆ ಬೆಚ್ಚಗಾಯ್ತು" ಎಂದ. ಮರುದಿನ ಬಂದ ಇಸ್ತ್ರಿ ಅಂಗಡಿಯ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡೇ ಉಂಡಳು. ಅವಳಿಗೆ ಏನಾಯ್ತೆಂದರೆ, ಮಂಡಿ ನೋವಿನಿಂದ ಕೂರಲಾಗದೆ ನಿಂತಿದ್ದಾಗ ಶಿವನಂಜು ಮಾತಿಲ್ಲದೆ ಎರಡು ಮಣೆ ಒಂದರ ಮೇಲೊಂದು ಇಟ್ಟಿದ್ದ. ಅದನ್ನೇ ಹೇಳಿದಳು. ಅವಳ ಹಿಂದಿನವರಿಗೆ ಕೂತಲ್ಲಿ ಕಾಲು ಜೋಮು ಹಿಡಿಯಲಿಲ್ಲ.

ಪೇಟೆಯ ಯಜಮಾನರು ದೊಡ್ಡವೀರಯ್ಯ, ಬಿಳಿ ಪೇಟ, ಒಂದು ಮಾತಿಗೆ ಎರಡು ಸಲ ಮೀಸೆ ಸವರುವವರು. ಸುದ್ದಿ ಕೇಳಿ ಬಂದು ಬಾಗಿಲಲ್ಲೇ ನಿಂತರು.

"ಟೀಚರಮ್ಮನವರೇ, ದಾರ ಕಟ್ಟಿದವರನ್ನ ಕೇಳೋ ಪದ್ಧತಿ ಇಲ್ಲ."

"ಹೇಗಿತ್ತು ಅಂತ ಕೇಳೋ ಹಾಗಿಲ್ಲ ವೀರಯ್ಯನವರೇ. ನಾನು ಏನಾಯ್ತು ಅಂತ ಕೇಳ್ತಿದ್ದೀನಿ. ಮೈ ಹುಷಾರಿಲ್ಲದವರನ್ನ ಹಾಗೆ ಕೇಳೋದು ಎಲ್ಲಾ ಊರಲ್ಲೂ ಪದ್ಧತಿ."

ಅವರು ಮೀಸೆ ಸವರಿದರು. ಒಳಗೆ ಕೂತ ಮೂರು ಜನ ಒಟ್ಟಿಗೆ ಸೀನಿದರು. "ಆಗಲಿ" ಎಂದರು ವೀರಯ್ಯನವರು. "ಅಮಾವಾಸ್ಯೆ ದಿನ ನನ್ನನ್ನ ಮಾತ್ರ ಹೇಗಿತ್ತು ಅಂತಲೇ ಕೇಳಬೇಕು. ಇದ್ದದ್ದನ್ನ ಹೇಳ್ತೀನಿ. ನನಗೆ ಬೇರೆ ಥರ ಹೇಳೋಕೆ ಬರಲ್ಲ."

"ಬರಬಾರದು" ಎಂದೆ.

ಹೀಗೆ ಒಂಬತ್ತು ದಿನ ನಡೆಯಿತು. ಕೊಕ್ಕರೆ ಹೋಟೆಲಿಗೆ ನೆಗಡಿ ಹೋಟೆಲು ಎಂದೇ ಹೆಸರಾಯಿತು. ಚೆಲುವಾಜಮ್ಮನಿಗೆ ಅದರಿಂದ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಇನ್ನೂ ನಾಲ್ಕು ಮೆಣಸು ಜಾಸ್ತಿ ಕುಟ್ಟುತ್ತಿದ್ದಳು. ಆದರೆ ಒಂದು ತೊಂದರೆಯಿತ್ತು. ಉಂಡವರೆಲ್ಲ ಮೂಗು ಕಟ್ಟಿದವರು. ಮೂಗು ಬಿಟ್ಟರೂ ನಾಲಗೆ ಬರಲು ಎರಡು ಮೂರು ದಿನ ಬೇಕು. ಸಪ್ಪೆ ಹೋಯಿತೋ, ಒತ್ತರಿಸಿಕೊಂಡು ಅಲ್ಲೇ ಕೂತಿದೆಯೋ, ಹೇಳುವವರು ಒಬ್ಬರೂ ಇರಲಿಲ್ಲ.

"ನೀವೇ ಒಂದು ತುತ್ತು ನೋಡಿ ಟೀಚರಮ್ಮ" ಎಂದ ಶಿವನಂಜು.

ನೋಡಬಹುದಿತ್ತು. ನನ್ನ ನಾಲಗೆ ಸರಿಯಾಗಿತ್ತು. ಆದರೆ ನೋಡಿ, ಅದು ಸಪ್ಪೆಯೇ ಆಗಿದ್ದರೆ, ಬಾಗಿಲಲ್ಲಿ ನಾನು ಅದನ್ನೇ ಹೇಳಬೇಕು. ಒಂಬತ್ತು ದಿನದ ಮಾತುಗಳ ಮೇಲೆ ಮತ್ತೆ ನನ್ನದೇ ಮಾತು. ನನಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಅವಲಕ್ಕಿ ತಿಂದುಕೊಂಡು ಸ್ಟೂಲಿಗೆ ಬಂದು ಕೂರುತ್ತಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಬೀದಿಯವರೆಲ್ಲ ಬಾಗಿಲ ಮುಂದೆ ಸೇರಿದ್ದರು. ದೊಡ್ಡವೀರಯ್ಯನವರ ಹಿಂದೆ ಏಣಿ ಹೊತ್ತುಕೊಂಡು ಸಿದ್ದಲಿಂಗು ಬಂದ. ಪೇಟೆಯ ಗುರುತುಗಳನ್ನು ಏರಿಸುವುದು, ಇಳಿಸುವುದು, ಎಣ್ಣೆ ಹಾಕುವುದು ಅವನ ಕೆಲಸ. ನಲವತ್ತರ ಆಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿ ಹತ್ತಿದ. ಯಜಮಾನರು ಉಣ್ಣುವ ಹೊತ್ತಿಗೆ ಒಂದು ಸರಪಳಿ ಬಿಚ್ಚಿರಬೇಕು, ಎರಡನೆಯದನ್ನು ಮಾತಿಗೆ ಕಾದು ಬಿಚ್ಚಬೇಕು. ಅವನು ಬಿಚ್ಚಿದ. ಕೊಕ್ಕರೆ ಒಂದು ಕಡೆಗೆ ವಾಲಿ ನೆಲ ನೋಡಿತು.

ಒಳಗೆ ಚೆಲುವಾಜಮ್ಮ ಎಲೆ ಹಾಕಿದಳು. ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ಸಾರು. ಶಿವನಂಜು ನೀರಿನ ಚೊಂಬು ಹಿಡಿದು, ನೀರು ಹಾಕುವುದನ್ನೇ ಮರೆತು ನಿಂತಿದ್ದ. ಅವಳು ಅದನ್ನು ಅವನಿಂದ ತೆಗೆದುಕೊಂಡು ತಾನೇ ನೀರು ಹಾಕಿ, ಚೊಂಬನ್ನು ಅವನಿಗೆ ವಾಪಸ್ಸು ಕೊಟ್ಟಳು.

ದೊಡ್ಡವೀರಯ್ಯನವರು ಸಾರನ್ನ ಕಲಸಿ ಒಂದು ತುತ್ತು ಉಂಡರು. ಕಣ್ಣು ಮುಚ್ಚಿದರು. ಇನ್ನೊಂದು ಉಂಡರು. ನೀರು ಕುಡಿದರು. ಪಲ್ಯ ತಿಂದರು. ಮತ್ತೆ ನೀರು ಕುಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಮೀಸೆ ಅದಕ್ಕೇ ಇರುವುದು. ಎಲೆ ಖಾಲಿ ಮಾಡಿ, ಮಡಚಿ, ಎದ್ದು ಕೈ ತೊಳೆದು ಬಾಗಿಲಿಗೆ ಬಂದರು.

"ಹೇಗಿತ್ತು?" ಎಂದೆ. ಮೂವತ್ತು ವರ್ಷ ಪಾಠ ಹೇಳಿದ ದನಿ ಶಿವನಂಜುವಿನಷ್ಟೇ ಮೆಲ್ಲಗೆ ಬಂತು.

ಅವರು ಒಂದು ಸಲ ಒಳಗೆ ನೋಡಿದರು, ಒಂದು ಸಲ ಮೇಲೆ ವಾಲಿದ ಕೊಕ್ಕರೆಯನ್ನು ನೋಡಿದರು.

"ಉಪ್ಪು ಜಾಸ್ತಿ" ಎಂದರು. "ಬಹಳ ಜಾಸ್ತಿ. ಏನಮ್ಮಾ ಇದು, ಹಳೇ ಉಪ್ಪಿನ ಗಾಡಿ ಬಂದು ಪಾತ್ರೆಯೊಳಗೆ ಮಗುಚಿತಾ?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಖಲೀಲ್ ಸಾಹೇಬರು "ಜಾಸ್ತಿ!" ಎಂದು ಕೂಗಿದರು. ಪಂಕಜಮ್ಮ "ಉಪ್ಪು ಜಾಸ್ತಿಯಂತೆ!" ಎಂದು ಹಿಂದಿನವರಿಗೆ ಹೇಳಿದರು. ಆ ಮಾತು ಬಾಯಿಂದ ಬಾಯಿಗೆ ಬೀದಿಯ ತುದಿಯವರೆಗೆ ಹೋಯಿತು. ಛತ್ರಿ ಹಿಡಿದ ಪ್ರವಾಸಿಗಳ ಒಂದು ಗುಂಪು, ಅಡುಗೆಯನ್ನು ಹಳಿದರೆ ಈ ಊರಿನವರು ಯಾಕೆ ಹೀಗೆ ತಬ್ಬಿಕೊಳ್ಳುತ್ತಾರೆಂದು ತಿಳಿಯದೆ ನೋಡುತ್ತಾ ನಿಂತಿತು. ಇಸ್ತ್ರಿ ಅಂಗಡಿಯ ಅಜ್ಜಿ ಅವರಿಗೆ ವಿವರಿಸಲು ಹೋಗಿ, ಮೊದಲ ವಾಕ್ಯದಲ್ಲೇ ಅತ್ತುಬಿಟ್ಟಳು.

"ಅಯ್ಯೋ ನನ್ ಕೈಗಿಷ್ಟು!" ಎಂದಳು ಚೆಲುವಾಜಮ್ಮ ಬಾಗಿಲಿಗೆ ಬಂದು. "ದಿನಾ ಚಿಟಿಕೆ ಚಿಟಿಕೆ ಏರಿಸ್ತಾ ಹೋದೆ, ಇಳಿಸೋದು ಮರ್ತೇ ಹೋಯ್ತು. ಆ ನೆಗಡಿ ಜನ ಒಬ್ರೂ ಹೇಳ್ಲಿಲ್ಲವಲ್ಲ!"

"ನಮಗೆ ಗೊತ್ತಾದ್ರೆ ತಾನೇ ಹೇಳೋಕೆ?" ಎಂದರು ಸಾಹೇಬರು. "ಒಂಬತ್ತು ದಿನ ಸಮುದ್ರ ಕುಡಿಸಿದ್ದೀರಿ ನಮಗೆ."

"ಸಾಹೇಬ್ರೇ, ಮೂಗು ಬಿಡ್ತೋ ಇಲ್ವೋ?"

"ಬಿಡ್ತಮ್ಮ, ಬಿಡ್ತು."

ದೊಡ್ಡವೀರಯ್ಯನವರು ಸಿದ್ದಲಿಂಗುವಿನ ಕಡೆ ತಲೆ ಎತ್ತಿ, "ಸರಪಳಿ ಹಾಕಪ್ಪ" ಎಂದರು. ನಂತರ ನನ್ನ ಪಕ್ಕ ಬಗ್ಗಿ, ಯಾರಿಗೂ ಕೇಳದ ಹಾಗೆ, "ಸಾರಿನಲ್ಲಿ ಏನೋ ಬೆಚ್ಚಗೆ ಇತ್ತು ಟೀಚರಮ್ಮ. ಅದು ಏನು ಅಂತ ಹೇಳೋಕೆ ನನಗೆ ಬರಲಿಲ್ಲ" ಎಂದು ಮೀಸೆ ಸವರಿ ನಡೆದರು.

ಶಿವನಂಜು ಚೊಂಬು ಹಿಡಿದುಕೊಂಡೇ ಬಂದು ನನ್ನ ಮುಂದೆ ನಿಂತ. ನಾನು ಎದ್ದೆ. ಅವನು ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಮೊದಲ ದಿನ ಶಾಲೆಗೆ ಬಂದವರ ಹಾಗೆ.

ಜನ ಚದುರಿದರು. ಸಂಜೆಗೆ ಬರುತ್ತೇವೆ, ಉಪ್ಪು ನೋಡ್ಕೊಳ್ಳಮ್ಮ ಎಂದು ಕೂಗುತ್ತಾ ಹೋದರು. ಏಣಿಯ ಮೇಲೆ ಸಿದ್ದಲಿಂಗು ಒಬ್ಬನೇ ಉಳಿದ. ಸರಪಳಿಯ ಕೊಂಡಿಗೆ ತುಕ್ಕು ಹಿಡಿದಿತ್ತು, ಬಿಚ್ಚುವುದು ಸುಲಭ, ಹಾಕುವುದು ಕಷ್ಟ. ಬಿಸಿಲು ನೇರ ಅವನ ನೆತ್ತಿಯ ಮೇಲೆ. ಗುರುತು ಇಳಿಸಲು ಬಂದವನಿಗೆ ಆ ಮನೆಯಲ್ಲಿ ಯಾರೂ ನೀರು ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲವೆಂದು ಅವನ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೂ ಕೊಂಡಿ ಕೂತಿತು. ಕೊಕ್ಕರೆ ನೆಟ್ಟಗಾಯಿತು. ಅವನು ಎಣ್ಣೆ ಬಟ್ಟೆಯಿಂದ ಅದರ ಕೊಕ್ಕನ್ನು ಒರೆಸಿ ಕೆಳಗಿಳಿದು, ಏಣಿಯನ್ನು ಹೆಗಲಿಗೆ ಹಾಕಿಕೊಳ್ಳಲು ಬಗ್ಗಿದ.

ಚೆಲುವಾಜಮ್ಮ ಒಳಗೆ ಏನೋ ಮಾಡುತ್ತಿದ್ದಳು. ಹೊಸ ಅನ್ನ ತಣಿಸಿ, ಗಟ್ಟಿ ಮೊಸರು ಹಾಕಿ ಕಲಸುತ್ತಿರುವುದು ನನಗೆ ಕಂಡಿತು. ಉಪ್ಪಿನ ಮರಿಗೆಯ ಕಡೆ ಹೋದ ಕೈಯನ್ನು ಅವಳು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಯಜಮಾನರ ಮಾತು ಈಗ ಮುಂದಿನ ಎಲೆಯ ಮೇಲಿದೆ. ಅದೇ ಉಪ್ಪು ಸಾಕು, ಹದವಾಗುತ್ತದೆ. ಒಂದು ಸಣ್ಣ ಈರುಳ್ಳಿ ಸುಲಿದು ಎಲೆಯ ಅಂಚಿಗೆ ಇಟ್ಟಳು.

ಅವಳು ಹೊರಗೆ ಬಂದಾಗ ಅವನು ಗಾಬರಿಯಾದ. "ನಾನು ಏನೂ ಕೇಳ್ಲಿಲ್ಲವಲ್ಲಮ್ಮ" ಎಂದ. ಎಣ್ಣೆಯ ಕೈಗಳನ್ನು ಪಂಚೆಗೆ ಒರೆಸಿಕೊಂಡ, ಅವು ಇನ್ನೂ ಕಪ್ಪಾಗಿಯೇ ಇದ್ದವು. ಶಿವನಂಜು ಸ್ಟೂಲಿನಿಂದ ಎದ್ದು ಚೊಂಬಿನ ನೀರನ್ನು ಆ ಕೈಗಳ ಮೇಲೆ ಹೊಯ್ದ. ಏಣಿ ಮತ್ತೆ ಗೋಡೆಗೆ ಒರಗಿತು.

ಚೆಲುವಾಜಮ್ಮ ಜಗಲಿಯ ಧೂಳನ್ನು ಸೆರಗಿನ ತುದಿಯಿಂದ ಒಮ್ಮೆ ಕೊಡವಿ, ಅವನು ಕೂರುವುದನ್ನು ಕಾದು, ಎಲೆಯನ್ನು ಎರಡೂ ಕೈಯಲ್ಲಿ ಅವನ ಕೈಗೆ ಕೊಟ್ಟಳು.